ಮಿದುಳಿನ ರಕ್ತನಾಳ ಕಿರಿದಾಗಿದೆ: ಸ್ಟೆಂಟ್ ಹಾಕಿಸಬೇಕೋ, ಮಾತ್ರೆಯಲ್ಲೇ ಇರಬೇಕೋ?

ಹೊಸಚಿಗುರು
ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯ ಕೇಳಬೇಕಿತ್ತು. ಅರವತ್ತು ದಾಟಿದೆ, ಬಿಪಿ ಮತ್ತು ಶುಗರ್ ಎರಡೂ ಇವೆ. ಇತ್ತೀಚೆಗೆ ಇದ್ದಕ್ಕಿದ್ದಂತೆ ಮಾತು ತೊದಲಿ, ಬಲಗೈ ಸೋತುಹೋಯಿತು. ಅರ್ಧ ಗಂಟೆಯೊಳಗೆ ಎಲ್ಲ ಮೊದಲಿನಂತಾಯಿತು. ಆಸ್ಪತ್ರೆಯಲ್ಲಿ ಇದು ಟಿಐಎ, ಅಂದರೆ ಬಂದು ಹೋದ ಸಣ್ಣ ಸ್ಟ್ರೋಕ್ ಅಂದರು. ಎಂಆರ್‌ಐ ಜೊತೆ ಆಂಜಿಯೋ (ರಕ್ತನಾಳದ ಚಿತ್ರ) ಮಾಡಿದಾಗ ಎಡಭಾಗದ ಮಿಡಲ್ ಸೆರೆಬ್ರಲ್ ಆರ್ಟರಿ (ರಿಪೋರ್ಟಿನಲ್ಲಿ ಎಂಸಿಎ ಅಂತ ಇದೆ) 75% ಕಿರಿದಾಗಿದೆ ಅಂತ ಬಂತು.

ನೋಡಿದ ಡಾಕ್ಟರು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಹೆಚ್ಚಿನ ಡೋಸಿನ ಅಟೊರ್ವಾಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ) ಬರೆದು, ಬಿಪಿ ಮಾತ್ರೆ ಬದಲಿಸಿ, ಸದ್ಯಕ್ಕೆ ಇಷ್ಟೇ ಸಾಕು ಅಂದರು. ಇನ್ನೊಬ್ಬರ ಅಭಿಪ್ರಾಯ ಕೇಳೋಣ ಅಂತ ಹೋದರೆ ಅವರು ಆದಷ್ಟು ಬೇಗ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿ ಅಂದರು. ಮನೆಯಲ್ಲಿ ಎರಡು ಪಕ್ಷ ಆಗಿದೆ. ಅಪ್ಪ ಮಾತ್ರ "ನೀವೇ ನಿರ್ಧಾರ ಮಾಡಿ" ಅಂತ ಸುಮ್ಮನಿದ್ದಾರೆ. ಯಾವುದನ್ನು ನಂಬಬೇಕು? ಡಾಕ್ಟರ ಹತ್ತಿರ ಏನೇನು ಕೇಳಬೇಕು?

ಮಳೆಬಿಲ್ಲು
ಇದರಲ್ಲಿ ಯೋಚನೆ ಏನಿದೆ? ನಮ್ಮ ಮಾವನಿಗೆ ಹೃದಯಾಘಾತ ಆದಾಗ ಅದೇ ದಿನ ಸ್ಟೆಂಟ್ ಹಾಕಿದರು, ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ. ಪೈಪು ಕಟ್ಟಿಕೊಳ್ಳುತ್ತಿದೆ ಅಂತ ಗೊತ್ತಾದ ಮೇಲೆ ಪೂರ್ತಿ ಮುಚ್ಚುವ ತನಕ ಮಾತ್ರೆ ನುಂಗುತ್ತಾ ಕೂರುವುದು ಯಾವ ನ್ಯಾಯ? ಬೇಗ ಹಾಕಿಸಿ.

ನರವೈದ್ಯ
ನಾನು ನರರೋಗ ತಜ್ಞ. ನಿಮ್ಮ ತಂದೆಯವರನ್ನು ಪರೀಕ್ಷಿಸಿಲ್ಲ, ಸ್ಕ್ಯಾನ್ ನೋಡಿಲ್ಲ. ಆದ್ದರಿಂದ ಅವರಿಗೇ ಅಂತ ಸಲಹೆ ಕೊಡಲಾರೆ. ಆದರೆ ಈ ಕಾಯಿಲೆಯ ಬಗ್ಗೆ ಗೊತ್ತಿರುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಮಳೆಬಿಲ್ಲು ಅವರು ಕೇಳಿದ ಪ್ರಶ್ನೆಯನ್ನು ನನ್ನ ಬಳಿ ಬರುವ ಹತ್ತರಲ್ಲಿ ಒಂಬತ್ತು ಮನೆಯವರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆಯೇ. ಬಹಳ ವರ್ಷ ವೈದ್ಯರೂ ಹಾಗೆಯೇ ಯೋಚಿಸಿದ್ದರು.

ತಲೆಬುರುಡೆಯೊಳಗಿನ ರಕ್ತನಾಳ ಹೃದಯದ ರಕ್ತನಾಳದಂಥದ್ದಲ್ಲ. ಎಂಸಿಎ ಅಗಲ ಸುಮಾರು 3 ಮಿಲಿಮೀಟರ್. ಗೋಡೆ ತೆಳು, ಹೊರಗಿನ ಪದರವಂತೂ ತೀರಾ ತೆಳು, ಸುತ್ತ ಹಿಡಿದು ನಿಲ್ಲಿಸುವ ಮಾಂಸಖಂಡವಿಲ್ಲ. ನಾಳ ದ್ರವದಲ್ಲಿ ತೇಲುತ್ತಿರುತ್ತದೆ. ಹರಿದರೆ ರಕ್ತ ನೇರವಾಗಿ ಮಿದುಳಿನ ಸುತ್ತ ಸೋರುತ್ತದೆ. ಇನ್ನೊಂದು ಮಾತು: ಈ ನಾಳದ ಬೆನ್ನಿನಿಂದ ಕೂದಲೆಳೆಯಂಥ ಕವಲುಗಳು ಹೊರಟು ಮಿದುಳಿನ ಆಳಕ್ಕೆ ಹೋಗುತ್ತವೆ. ಕೈಕಾಲು ಆಡಿಸುವ ನರತಂತುಗಳು ಒತ್ತಾಗಿ ಸಾಗುವ ಜಾಗಕ್ಕೆ ರಕ್ತ ಕೊಡುವುದು ಅವೇ. ದೊಡ್ಡ ನಾಳದೊಳಗೆ ಸ್ಟೆಂಟ್ ಅರಳಿದಾಗ ಗೋಡೆಗೆ ಅಂಟಿದ ಕೊಬ್ಬು ಪಕ್ಕಕ್ಕೆ ಸರಿದು ಈ ಕವಲುಗಳ ಬಾಯಿಗೆ ಮೆತ್ತಿಕೊಳ್ಳಬಹುದು. ದೊಡ್ಡ ನಾಳ ಚಿತ್ರದಲ್ಲಿ ಚೆನ್ನಾಗಿ ತೆರೆದು ಕಾಣುತ್ತದೆ, ಅಷ್ಟರಲ್ಲಿ ರೋಗಿಯ ಒಂದು ಭಾಗ ಬಿದ್ದುಹೋಗಿರುತ್ತದೆ. ಪೈಪಿನ ಲೆಕ್ಕಾಚಾರ ಇಲ್ಲಿ ಕೈಕೊಡುವುದು ಹೀಗೆ.

ಜೊತೆಗೆ, ಕಿರಿದಾದ ನಾಳದಿಂದ ಸ್ಟ್ರೋಕ್ ಆಗುವುದು ರಕ್ತ ಕಡಿಮೆ ಹರಿಯುವುದರಿಂದ ಮಾತ್ರ ಅಲ್ಲ. ಕೊಬ್ಬಿನ ಪದರದ ಮೇಲೆ ಬಿರುಕು ಬಿಟ್ಟು, ಅಲ್ಲಿ ಹೆಪ್ಪು ಕಟ್ಟಿ, ಅದು ಕಳಚಿಕೊಂಡು ಮುಂದಿನ ಸಣ್ಣ ನಾಳವನ್ನು ಮುಚ್ಚುವುದು ತುಂಬಾ ಸಾಮಾನ್ಯ. ಆ ಪದರ ಸಣ್ಣ ಕವಲಿನ ಬಾಯಿಯನ್ನೇ ಮುಚ್ಚುವುದೂ ಉಂಟು. ಹೆಪ್ಪು ಕಟ್ಟದಂತೆ ಮಾಡುವುದು ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್. ಪದರವನ್ನು ಗಟ್ಟಿ ಮಾಡಿ ಬಿರುಕು ಬಿಡದಂತೆ ನೋಡಿಕೊಳ್ಳುವುದು ಸ್ಟ್ಯಾಟಿನ್. ಹಾಗಾಗಿ "ಬರೀ ಮಾತ್ರೆ" ಅನ್ನಬೇಡಿ.

ಇನ್ನು ಸಂಶೋಧನೆ ಏನು ಹೇಳಿತು ಅನ್ನುವುದು. ಅಮೆರಿಕದಲ್ಲಿ ಸ್ಯಾಂಪ್ರಿಸ್ ಅನ್ನುವ ದೊಡ್ಡ ಪ್ರಯೋಗ ನಡೆಯಿತು. ನಾಳ 70ರಿಂದ 99% ಕಿರಿದಾಗಿದ್ದು, ಹಿಂದಿನ 30 ದಿನಗಳಲ್ಲಿ ಸ್ಟ್ರೋಕ್ ಅಥವಾ ಟಿಐಎ ಆಗಿದ್ದ 451 ಜನ. ಅರ್ಧದಷ್ಟು ಜನಕ್ಕೆ ಬಿಗಿಯಾದ ಔಷಧ ಚಿಕಿತ್ಸೆ, ಉಳಿದವರಿಗೆ ಅದೇ ಔಷಧದ ಜೊತೆಗೆ ವಿಂಗ್‌ಸ್ಪ್ಯಾನ್ ಸ್ಟೆಂಟ್. ಮೊದಲ 30 ದಿನಗಳಲ್ಲಿ ಸ್ಟ್ರೋಕ್ ಅಥವಾ ಸಾವು ಸ್ಟೆಂಟ್ ಗುಂಪಿನಲ್ಲಿ 14.7%, ಔಷಧ ಗುಂಪಿನಲ್ಲಿ 5.8%. 2011ರ ಏಪ್ರಿಲ್‌ನಲ್ಲಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು.

ನಿಮ್ಮ ಮೊದಲ ಡಾಕ್ಟರು ಕೊಟ್ಟಿರುವುದು ಹೆಚ್ಚುಕಡಿಮೆ ಆ ಪ್ರಯೋಗದ ಔಷಧ ಚಿಕಿತ್ಸೆಯನ್ನೇ.

ಮಳೆಬಿಲ್ಲು
ಇಷ್ಟು ವಿವರ ಗೊತ್ತಿರಲಿಲ್ಲ ಡಾಕ್ಟ್ರೇ. ಆದರೂ ಒಂದು ಅನುಮಾನ. ಆ 30 ದಿನ ದಾಟಿದವರಿಗೆ ನಾಳ ತೆರೆದೇ ಇರುತ್ತದಲ್ಲ, ಮುಂದೆ ವರ್ಷಗಟ್ಟಲೆ ಲಾಭ ಅವರಿಗೇ ತಾನೇ?

ಲೆಕ್ಕಿಗ
ಇದಕ್ಕೆ ನಾನು ಉತ್ತರ ಹೇಳಬಹುದು. ವೈದ್ಯನಲ್ಲ, ವೈದ್ಯಕೀಯ ಪ್ರಯೋಗಗಳ ಅಂಕಿಅಂಶ ನೋಡುವುದು ನನ್ನ ಕೆಲಸ. ಸ್ಯಾಂಪ್ರಿಸ್‌ನ ಕೊನೆಯ ಫಲಿತಾಂಶ 2014ರಲ್ಲಿ ಬಂತು. ಮೊದಲ 30 ದಿನಗಳನ್ನು ಬದಿಗಿಟ್ಟು, ಅಲ್ಲಿಯವರೆಗೆ ಚೆನ್ನಾಗಿದ್ದವರನ್ನು ಮಾತ್ರ ನೋಡಿದರೆ, ಔಷಧ ಗುಂಪಿನ 210 ಜನರಲ್ಲಿ 21 ಮಂದಿಗೆ, ಸ್ಟೆಂಟ್ ಗುಂಪಿನ 191 ಜನರಲ್ಲಿ 19 ಮಂದಿಗೆ ಮುಂದೆ ತೊಂದರೆಯಾಯಿತು. ಎರಡೂ ಕಡೆ ನೂರಕ್ಕೆ ಹತ್ತು. ಅಂದರೆ ಆರಂಭದಲ್ಲಿ ತೆತ್ತ ಬೆಲೆ ಆಮೇಲೆ ವಾಪಸು ಬರಲೇ ಇಲ್ಲ. ಸ್ಟೆಂಟಿನ ಪರ ವಾದ ನಿಂತಿದ್ದೇ ಆ "ಆಮೇಲಿನ ಲಾಭ"ದ ಮೇಲೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಅಂಕಿ. ಅದಕ್ಕೂ ಮುಂಚೆ, 2005ರಲ್ಲಿ ವಾಸಿಡ್ ಅನ್ನುವ ಪ್ರಯೋಗ ಪ್ರಕಟವಾಗಿತ್ತು. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆ) ಮೇಲೋ ಆಸ್ಪಿರಿನ್ ಮೇಲೋ ಅನ್ನುವುದು ಅದರ ಪ್ರಶ್ನೆ, 569 ಜನ. ವಾರ್ಫರಿನ್‌ನಿಂದ ಸ್ಟ್ರೋಕ್ ಕಡಿಮೆಯಾಗಲಿಲ್ಲ, ರಕ್ತಸ್ರಾವ ಮತ್ತು ಸಾವು ಮಾತ್ರ ಹೆಚ್ಚಾದವು. ಆ ಪ್ರಯೋಗದಲ್ಲಿ ಸ್ಯಾಂಪ್ರಿಸ್ ರೋಗಿಗಳಂಥವರನ್ನೇ ಆರಿಸಿ ನೋಡಿದರೆ, ವರ್ಷದೊಳಗೆ ತೊಂದರೆಯಾದವರು ಸುಮಾರು 25%. ಸ್ಯಾಂಪ್ರಿಸ್‌ನ ಔಷಧ ಗುಂಪಿನಲ್ಲಿ ಅದು 12.2%. ಅರ್ಧಕ್ಕಿಳಿದಿದೆ! ಬೇರೆ ಬೇರೆ ಕಾಲದ ಎರಡು ಪ್ರಯೋಗಗಳನ್ನು ಹೋಲಿಸುವಾಗ ಎಚ್ಚರ ಬೇಕು, ಒಪ್ಪುತ್ತೇನೆ. ಆದರೆ ಇಷ್ಟು ದೊಡ್ಡ ಅಂತರ ಎರಡು ಮಾತ್ರೆ ಜೊತೆಗೂಡಿಸಿದ್ದರಿಂದ, ಬಿಪಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ನಡಿಗೆ ಎಲ್ಲವನ್ನೂ ಬೆನ್ನುಹತ್ತಿ ಸರಿಮಾಡಿದ್ದರಿಂದ ಬಂದಿದೆ ಅಂತಲೇ ನಾನು ಓದುತ್ತೇನೆ.

ಈ ಸುದ್ದಿಗೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. "ಸ್ಟೆಂಟ್ ಸೋತಿತು" ಅಂತಲೇ ಎಲ್ಲರೂ ಬರೆದರು. ಔಷಧ ಗೆದ್ದಿತು ಅಂತ ಬರೆದವರು ಕಡಿಮೆ.

ನೀಲಿಗೌನ್
ಕ್ಯಾಥ್‌ಲ್ಯಾಬಿನಲ್ಲಿ (ನಳಿಕೆ ತೂರಿಸಿ ರಕ್ತನಾಳಕ್ಕೆ ಚಿಕಿತ್ಸೆ ಮಾಡುವ ಕೊಠಡಿ) ನರ್ಸ್ ಆಗಿದ್ದೇನೆ, ಮಿದುಳಿನ ರಕ್ತನಾಳದ ಚಿಕಿತ್ಸೆಗಳಿಗೆ ನಿತ್ಯ ನಿಲ್ಲುತ್ತೇನೆ. ಡಾಕ್ಟರು ಬರೆದಿದ್ದೆಲ್ಲ ಸರಿ. ಆದರೆ 2011ಕ್ಕೇ ಕಥೆ ಮುಗಿಸಿಬಿಟ್ಟರೆ ಕೆಲವು ರೋಗಿಗಳಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ಇನ್ನೊಂದು ಬದಿ ಬರೆಯುತ್ತೇನೆ.

ಒಂದು: ಸ್ಯಾಂಪ್ರಿಸ್‌ನಲ್ಲಿ ಸ್ಟ್ರೋಕ್ ಆದ ಕೆಲವೇ ದಿನಗಳಲ್ಲಿ ಸ್ಟೆಂಟ್ ಹಾಕಿದವರು ಬಹಳ ಜನ. ಆಗ ಕೊಬ್ಬಿನ ಪದರ ಇನ್ನೂ ಹಸಿಯಾಗಿರುತ್ತದೆ, ಹಾನಿಯಾದ ಮಿದುಳಿನ ಭಾಗ ಸೂಕ್ಷ್ಮವಾಗಿರುತ್ತದೆ. ಒಮ್ಮೆಲೇ ರಕ್ತ ನುಗ್ಗಿದರೆ ಒಳಗೆ ಸೋರುವ ಅಪಾಯ. ಆಮೇಲೆ ಚೀನಾದಲ್ಲಿ ಕ್ಯಾಸಿಸ್ ಅನ್ನುವ ಪ್ರಯೋಗ ಮಾಡಿದರು, 2022ರಲ್ಲಿ ಪ್ರಕಟವಾಯಿತು. ಅನುಭವಿ ಕೇಂದ್ರಗಳನ್ನೇ ಆರಿಸಿಕೊಂಡರು, ಮೂರು ವಾರ ಕಾದರು, ಸಣ್ಣ ಕವಲು ಮುಚ್ಚಿ ಸ್ಟ್ರೋಕ್ ಆದವರನ್ನು ಕೈಬಿಟ್ಟರು. ಅಪಾಯ ತುಂಬಾ ಇಳಿಯಿತು. ಒಂದು ವರ್ಷದೊಳಗೆ ತೊಂದರೆಯಾದವರು ಸ್ಟೆಂಟ್ ಗುಂಪಿನಲ್ಲಿ 8.0%, ಔಷಧ ಗುಂಪಿನಲ್ಲಿ 7.2%, ಅಂದರೆ ಹೆಚ್ಚುಕಡಿಮೆ ಸಮ.

ಎರಡು: ಸ್ಟೆಂಟ್ ಇಲ್ಲದೆ ಬರೀ ಬಲೂನ್. ನಾಳದ ಅಗಲಕ್ಕಿಂತ ಸಣ್ಣ ಬಲೂನ್ ತೆಗೆದುಕೊಂಡು ತೀರಾ ನಿಧಾನವಾಗಿ ಉಬ್ಬಿಸುವುದು. ಪೂರ್ತಿ ತೆರೆಯುವ ಆಸೆಯೇ ಇಲ್ಲ, ರಕ್ತ ಹರಿಯುವಷ್ಟು ಜಾಗ ಆದರೆ ಸಾಕು. ಬೇಸಿಸ್ ಅನ್ನುವ ಪ್ರಯೋಗ 2024ರಲ್ಲಿ ಬಂತು, ಅದೂ ಚೀನಾದ್ದೇ, 501 ಜನ. ಬಲೂನ್ ಮತ್ತು ಔಷಧ ಎರಡೂ ಸಿಕ್ಕ ಗುಂಪಿನಲ್ಲಿ ವರ್ಷದೊಳಗಿನ ತೊಂದರೆ 4.4%, ಔಷಧ ಮಾತ್ರ ಸಿಕ್ಕವರಲ್ಲಿ 13.5%. ತಲೆಯೊಳಗಿನ ನಾಳ ತೆರೆಯುವ ಚಿಕಿತ್ಸೆ ಇಷ್ಟು ಸ್ಪಷ್ಟವಾಗಿ ಗೆದ್ದಿದ್ದನ್ನು ನೋಡಿ ನಮ್ಮ ವಿಭಾಗದಲ್ಲಿ ಎಲ್ಲರಿಗೂ ಸಂತೋಷವಾಯಿತು.

ಹಾಗಂತ ಸುಲಭದ್ದು ಅಂತ ತಿಳಿಯಬೇಡಿ. ಅದೇ ಪ್ರಯೋಗದಲ್ಲಿ ಬಲೂನ್ ಹಾಕಿದವರಲ್ಲಿ 14.5% ಜನಕ್ಕೆ ನಾಳದ ಒಳಪದರ ಸೀಳಿತು. ಹೆಚ್ಚಿನವರಿಗೆ ಅದರಿಂದ ಶಾಶ್ವತ ಹಾನಿ ಆಗಲಿಲ್ಲ. ಆದರೆ ಅದನ್ನು ಅಲ್ಲಿಯೇ ಗುರುತಿಸಿ ನಿಭಾಯಿಸುವ ಕೈ ಬೇಕು.

ಲೆಕ್ಕಿಗ
ನೀಲಿಗೌನ್ ಅವರೇ, ಬೇಸಿಸ್ ಬಗ್ಗೆ ಒಂದು ಮಾತು ಸೇರಿಸಲೇ? ಅಲ್ಲಿ "ತೊಂದರೆ" ಅಂತ ಎಣಿಸಿದ್ದರಲ್ಲಿ ಬರೀ ಸ್ಟ್ರೋಕ್ ಮತ್ತು ಸಾವು ಇರಲಿಲ್ಲ. 30 ದಿನಗಳ ನಂತರ ಅದೇ ನಾಳಕ್ಕೆ ಮತ್ತೆ ತೆರೆಯುವ ಚಿಕಿತ್ಸೆ ಬೇಕಾದರೆ ಅದನ್ನೂ ಎಣಿಸಿದರು. ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿದೆ ಅಂತ ರೋಗಿಗೂ ಗೊತ್ತು, ವೈದ್ಯರಿಗೂ ಗೊತ್ತು. ಔಷಧ ಮಾತ್ರ ಸಿಕ್ಕವರಿಗೆ ಸ್ವಲ್ಪ ಏನಾದರೂ ಆದರೆ "ಈಗಲಾದರೂ ತೆರೆಯೋಣ" ಅನ್ನಿಸುವುದು ಸಹಜ. ಹಾಗಾಗಿ ಅಂತರ ಸ್ವಲ್ಪ ಉಬ್ಬಿರಬಹುದು. ಮೊದಲ 30 ದಿನಗಳ ಸ್ಟ್ರೋಕ್ ಮತ್ತು ಸಾವು ಮಾತ್ರ ನೋಡಿದರೆ ಬಲೂನ್ ಕಡೆ 3.2%, ಔಷಧದ ಕಡೆ 1.6%. ಅಂದರೆ ಇಲ್ಲಿಯೂ ಆರಂಭದ ಬೆಲೆ ಇದೆ, ಆದರೆ ಸಣ್ಣದು. ಅದು ಸಣ್ಣದಾದ್ದರಿಂದಲೇ ಆಮೇಲೆ ಲಾಭ ಕಾಣುವುದಕ್ಕೆ ಆಯಿತು.

ಒಳ್ಳೆಯ ಪ್ರಯೋಗವೇ, ತಳ್ಳಿಹಾಕುವಂಥದ್ದಲ್ಲ. ಬೇರೆ ದೇಶಗಳಲ್ಲಿ, ಬೇರೆ ಕೈಗಳಲ್ಲಿ ಇದೇ ಫಲಿತಾಂಶ ಮತ್ತೆ ಬಂದರೆ ನಾನು ಮೊದಲು ಒಪ್ಪುತ್ತೇನೆ.

ನರವೈದ್ಯ
ನೀಲಿಗೌನ್ ಅವರಿಗೆ ಧನ್ಯವಾದ, ಬೇಸಿಸ್ ಬರೆಯದೆ ಬಿಟ್ಟಿದ್ದರೆ ಚರ್ಚೆ ಒಂದೇ ಕಡೆ ವಾಲುತ್ತಿತ್ತು. ನನ್ನ ನಿಲುವು ಹೇಳುತ್ತೇನೆ. ಮೊದಲ ಸಲ ಲಕ್ಷಣ ಬಂದವರಿಗೆ ಔಷಧವೇ ಮೊದಲು. ಅದನ್ನು ಪೂರ್ತಿಯಾಗಿ, ನಿಷ್ಠೆಯಿಂದ ಮಾಡಿದ ಮೇಲೂ ಅದೇ ನಾಳದ ಪ್ರದೇಶದಲ್ಲಿ ಮತ್ತೆ ಸ್ಟ್ರೋಕ್ ಆದರೆ ಆಗ ಬಲೂನ್ ಅಥವಾ ಸ್ಟೆಂಟ್ ಬಗ್ಗೆ ಗಂಭೀರವಾಗಿ ಕೂತು ಮಾತಾಡಬೇಕು. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ 2012ರಲ್ಲಿ ವಿಂಗ್‌ಸ್ಪ್ಯಾನ್ ಬಳಕೆಯನ್ನು ಬಿಗಿ ಮಾಡಿದ್ದೂ ಇದೇ ದಾರಿಯಲ್ಲಿ: ನಾಳ 70ರಿಂದ 99% ಕಿರಿದಾಗಿರಬೇಕು, ಬಿಗಿಯಾದ ಔಷಧ ಚಿಕಿತ್ಸೆಯಲ್ಲಿದ್ದೂ ಎರಡು ಅಥವಾ ಹೆಚ್ಚು ಸ್ಟ್ರೋಕ್ ಆಗಿರಬೇಕು, ಕೊನೆಯ ಸ್ಟ್ರೋಕ್ ಆಗಿ ಏಳು ದಿನಕ್ಕಿಂತ ಹೆಚ್ಚಾಗಿರಬೇಕು. ಆ ನಿಯಮಕ್ಕೆ ಸರಿಯಾಗಿ ಹೊಂದುವ 152 ಜನರಲ್ಲಿ, ಅನುಭವಿ ವೈದ್ಯರು ಹಾಕಿದಾಗ, ಮೊದಲ 72 ಗಂಟೆಗಳಲ್ಲಿ ಸ್ಟ್ರೋಕ್ ಅಥವಾ ಸಾವು 2.6% ಮಾತ್ರ. ಅದು 2019ರ ವೀವ್ ಅಧ್ಯಯನ. ಸರಿಯಾದ ರೋಗಿ, ಸರಿಯಾದ ಸಮಯ, ಸರಿಯಾದ ಕೈ ಸೇರಿದರೆ ಅಪಾಯ ಇಳಿಯುತ್ತದೆ.

ನನಗೆ ಬೇಸರವಾಗುವುದು ಬೇರೆ ವಿಷಯಕ್ಕೆ. "ಔಷಧ ಕೆಲಸ ಮಾಡಲಿಲ್ಲ" ಅಂತ ಕಳಿಸಿಕೊಟ್ಟ ರೋಗಿಯ ಚೀಟಿ ತೆಗೆದು ನೋಡಿದರೆ ಎಲ್‌ಡಿಎಲ್ 130, ಬಿಪಿ 160, ಕ್ಲೋಪಿಡೋಗ್ರೆಲ್ ಹೊಟ್ಟೆ ಉರಿ ಅಂತ ತಾವಾಗಿಯೇ ನಿಲ್ಲಿಸಿದ್ದಾರೆ. ಅಲ್ಲಿ ಔಷಧ ಸೋತಿಲ್ಲ, ಔಷಧ ಶುರುವಾಗಿಯೇ ಇಲ್ಲ.

ಹೊಸಚಿಗುರು
ಡಾಕ್ಟರ್, ಇದನ್ನೇ ಕೇಳಬೇಕಿತ್ತು. "ಪೂರ್ತಿಯಾಗಿ" ಅಂದರೆ ಎಷ್ಟು? ಇನ್ನೊಂದು, ದೊಡ್ಡಮ್ಮ ಹೇಳುತ್ತಿದ್ದಾರೆ, ನಾಳ ಕಿರಿದಾಗಿದ್ದಾಗ ಬಿಪಿ ಇಳಿಸಿದರೆ ಮಿದುಳಿಗೆ ರಕ್ತ ಏರುವುದಿಲ್ಲ, ಸ್ವಲ್ಪ ಹೆಚ್ಚೇ ಇರಲಿ ಅಂತ. ಅಪ್ಪ ಅದನ್ನೇ ಹಿಡಿದುಕೊಂಡು ಬಿಪಿ ಮಾತ್ರೆ ಬಿಟ್ಟುಬಿಡುತ್ತಾರೇನೋ ಅಂತ ಭಯ.

ನರವೈದ್ಯ
ದೊಡ್ಡಮ್ಮನ ಮಾತು ತರ್ಕಕ್ಕೆ ಸರಿ ಅನ್ನಿಸುತ್ತದೆ, ನಾವೂ ಹಾಗೇ ಹೆದರುತ್ತಿದ್ದೆವು. ಆದರೆ ವಾಸಿಡ್‌ನ ರೋಗಿಗಳನ್ನು ಬಿಪಿ ಪ್ರಕಾರ ವಿಂಗಡಿಸಿ ನೋಡಿದಾಗ, ಮೇಲಿನ ಬಿಪಿ 140 ಮತ್ತು ಅದಕ್ಕಿಂತ ಹೆಚ್ಚಿದ್ದವರಿಗೇ ಸ್ಟ್ರೋಕ್ ಹೆಚ್ಚು ಆಗಿತ್ತು. ಕಿರಿದಾದ ನಾಳದ ಪ್ರದೇಶದಲ್ಲೂ ಸೇರಿ. ಸ್ಟ್ರೋಕ್ ಆದ ಮೊದಲ ಕೆಲವು ದಿನ ಬಿಪಿಯನ್ನು ಧಡಾರನೆ ಇಳಿಸಬಾರದು, ಅದು ನಿಜ. ಆ ಘಟ್ಟ ದಾಟಿ ಮನೆಗೆ ಬಂದವರಿಗೆ ನಿಧಾನವಾಗಿ, ಹಂತಹಂತವಾಗಿ 140ರ ಕೆಳಗೆ ತರಲೇಬೇಕು. ಸ್ಯಾಂಪ್ರಿಸ್‌ನಲ್ಲಿ ಶುಗರ್ ಇದ್ದವರಿಗೆ 130ರ ಕೆಳಗೆ ಅಂತ ಗುರಿ ಇತ್ತು. ಎದ್ದು ನಿಂತಾಗ ತಲೆ ಸುತ್ತುತ್ತದೆ, ಅದೇ ಕೈ ಮತ್ತೆ ಸೋತಂತಾಗುತ್ತದೆ ಅಂದರೆ ಮಾತ್ರೆ ಬಿಡಬೇಡಿ, ಡಾಕ್ಟರಿಗೆ ತಿಳಿಸಿ. ಕೆಲವೇ ಕೆಲವರಲ್ಲಿ ಪಕ್ಕದ ನಾಳಗಳಿಂದ ಬರುವ ರಕ್ತದ ಆಸರೆ ತೀರಾ ಕಡಿಮೆ ಇರುತ್ತದೆ, ಅವರಿಗೆ ಲೆಕ್ಕ ಬೇರೆ.

ಎಲ್‌ಡಿಎಲ್ 70ರ ಕೆಳಗೆ. ಸ್ಟ್ಯಾಟಿನ್ ಒಂದರಿಂದ ಆಗದಿದ್ದರೆ ಎಝೆಟಿಮೈಬ್ ಅನ್ನುವ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಸೇರಿಸುತ್ತೇವೆ. "ಕೊಲೆಸ್ಟ್ರಾಲ್ ನಾರ್ಮಲ್ ಬಂದಿದೆ, ಇನ್ನು ಮಾತ್ರೆ ಯಾಕೆ" ಅಂತ ನಿಲ್ಲಿಸುವವರು ಬಹಳ. ಮಾತ್ರೆ ತಿನ್ನುತ್ತಿರುವುದರಿಂದ ನಾರ್ಮಲ್ ಬಂದಿದೆ ಅಷ್ಟೇ.

ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡೂ ಸೇರಿ ಸಾಮಾನ್ಯವಾಗಿ 90 ದಿನಗಳವರೆಗೆ. ಆಮೇಲೆ ಒಂದೇ ಮುಂದುವರಿಯುತ್ತದೆ. ಎರಡನ್ನೂ ವರ್ಷಗಟ್ಟಲೆ ತಿಂದರೆ ರಕ್ತಸ್ರಾವ ಹೆಚ್ಚುತ್ತದೆ ಹೊರತು ಸ್ಟ್ರೋಕ್ ಅಷ್ಟಾಗಿ ಇಳಿಯುವುದಿಲ್ಲ. ಬೇರೆ ಬಗೆಯ ಸ್ಟ್ರೋಕ್ ರೋಗಿಗಳ ಮೇಲೆ ಮಾಡಿದ ದೊಡ್ಡ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಗೊತ್ತಾಗಿದೆ. ಆದ್ದರಿಂದ ಯಾವ ತಾರೀಖಿಗೆ ಯಾವ ಮಾತ್ರೆ ನಿಲ್ಲಿಸಬೇಕು ಅನ್ನುವುದನ್ನು ಈಗಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಟ್ಟೆಗೆ ಅಂತ ಒಮೆಪ್ರಝೋಲ್ ತಿನ್ನುತ್ತಿದ್ದರೆ ಹೇಳಿ, ಅದು ಕ್ಲೋಪಿಡೋಗ್ರೆಲ್ ಬಲವನ್ನು ಕುಗ್ಗಿಸುತ್ತದೆ. ಬದಲಿ ಮಾತ್ರೆ ಇದೆ.

ಹೊಗೆಸೊಪ್ಪು ಯಾವ ರೂಪದಲ್ಲಿದ್ದರೂ ಪೂರ್ತಿ ಬಂದ್.

ಬೆಳಗಿನ ನಡಿಗೆ
ನಾನು ರೋಗಿ. ಮಿದುಳಿನ ಹಿಂಭಾಗದ ಬೇಸಿಲರ್ ನಾಳ ಕಿರಿದಾಗಿದೆ. ತಲೆ ಸುತ್ತು, ಎರಡೆರಡು ಕಾಣುವುದು, ನಡೆದರೆ ಓಲಾಡುವುದು, ಹೀಗೆ ಶುರುವಾಯಿತು. ಹಲವು ವರ್ಷಗಳಿಂದ ಮಾತ್ರೆಯಲ್ಲೇ ಇದ್ದೇನೆ, ಮತ್ತೆ ಸ್ಟ್ರೋಕ್ ಆಗಿಲ್ಲ.

ಮೊದಲ ತಿಂಗಳುಗಳಲ್ಲಿ ಭಯದಿಂದಲೇ ನಾನು ಅರ್ಧ ರೋಗಿಯಾಗಿದ್ದೆ. ತಲೆಯೊಳಗೆ ಏನೋ ಸಿಡಿಯಲು ಕಾಯುತ್ತಿದೆ ಅನ್ನಿಸಿ ಜೋರಾಗಿ ಕೆಮ್ಮುವುದಕ್ಕೂ ಹೆದರುತ್ತಿದ್ದೆ. ನಡೆಯಲು ಹೇಳಿದರೆ, ಆಯಾಸವಾಗಿ ನಾಳ ಮುಚ್ಚಿದರೆ ಏನು ಗತಿ ಅಂತ ಕೂತುಬಿಡುತ್ತಿದ್ದೆ. ಮನೆಯವರೂ ಎಬ್ಬಿಸುತ್ತಿರಲಿಲ್ಲ, ಪ್ರೀತಿಯಿಂದಲೇ. ಕೊನೆಗೆ ಫಿಸಿಯೊಥೆರಪಿ ಮೇಡಂ ಒಬ್ಬರು ಕೈಹಿಡಿದು ಶುರು ಮಾಡಿಸಿದರು. ಮೊದಲು ಮನೆಯೊಳಗೆ, ಆಮೇಲೆ ಹೊರಗೆ, ಆಮೇಲೆ ಬೆವರು ಬರುವಷ್ಟು. ಹೊಸಚಿಗುರು, ಅಪ್ಪನನ್ನು ಕೂರಿಸಬೇಡಿ. ಡಾಕ್ಟರ ಒಪ್ಪಿಗೆ ಪಡೆದು ಎಬ್ಬಿಸಿ, ಜೊತೆಗೆ ನಡೆಯಿರಿ. ಅವರು "ನೀವೇ ನಿರ್ಧಾರ ಮಾಡಿ" ಅಂತ ಸುಮ್ಮನಿರುವುದು ನನಗೆ ಅರ್ಥವಾಗುತ್ತದೆ. ಅದು ಒಪ್ಪಿಗೆಯಲ್ಲ, ಹೆದರಿಕೆ. ಅವರನ್ನು ಪಕ್ಕಕ್ಕಿಟ್ಟು ಮಾತಾಡಬೇಡಿ, ಸ್ಕ್ಯಾನ್ ಚಿತ್ರ ಅವರಿಗೂ ತೋರಿಸಿ.

ಲೆಕ್ಕಿಗ
ನಡಿಗೆಯ ವಿಷಯಕ್ಕೆ ಪುರಾವೆಯೂ ಇದೆ. ಸ್ಯಾಂಪ್ರಿಸ್‌ನ ಔಷಧ ಗುಂಪಿನಲ್ಲಿ ಯಾರಿಗೆ ಮತ್ತೆ ತೊಂದರೆ ಆಗಲಿಲ್ಲ ಅಂತ ಹುಡುಕಿದಾಗ, ನಿಯಮಿತ ವ್ಯಾಯಾಮ ಎಲ್ಲಕ್ಕಿಂತ ಎದ್ದು ಕಂಡಿತು. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ವ್ಯಾಯಾಮ ಮಾಡಿರಬಹುದು ಅನ್ನುವ ಆಕ್ಷೇಪ ಉಂಟು. ಆದರೂ ಅದನ್ನು ಬಿಡಲು ಕಾರಣವೇ ಇಲ್ಲ.

ಅಂಚೆಯಣ್ಣ
ನನಗೆ ಒಂದು ಗೊಂದಲ. ನಮ್ಮ ಅಣ್ಣನಿಗೂ ಹೀಗೇ ನಾಳ ಕಿರಿದಾಗಿ ಸಣ್ಣ ಸ್ಟ್ರೋಕ್ ಆಗಿತ್ತು. ಅವನಿಗೆ ಎರಡೇ ವಾರದೊಳಗೆ ಆಪರೇಷನ್ ಮಾಡಿ ಕೊಬ್ಬು ಕೆರೆದು ತೆಗೆದರು, ತಡಮಾಡಬಾರದು ಅಂದರು. ಇಲ್ಲಿ ನೋಡಿದರೆ ಕಾಯಿರಿ ಅನ್ನುತ್ತಿದ್ದೀರಿ. ಯಾವುದು ಸರಿ?

ನರವೈದ್ಯ
ಎರಡೂ ಸರಿ. ನಿಮ್ಮ ಅಣ್ಣನಿಗೆ ಕಿರಿದಾಗಿದ್ದು ಕತ್ತಿನ ಕ್ಯಾರೊಟಿಡ್ ನಾಳ ಇರಬೇಕು. ಅದು ತಲೆಬುರುಡೆಯ ಹೊರಗಿದೆ, ದಪ್ಪವಿದೆ, ಕೈಗೆ ಸಿಗುತ್ತದೆ, ಆ ಜಾಗದಲ್ಲಿ ಸಣ್ಣ ಕವಲುಗಳಿಲ್ಲ. ಅಲ್ಲಿ 70%ಗಿಂತ ಹೆಚ್ಚು ಕಿರಿದಾಗಿ ಲಕ್ಷಣ ಬಂದಿದ್ದರೆ ಶಸ್ತ್ರಚಿಕಿತ್ಸೆಯಿಂದ ದೊಡ್ಡ ಲಾಭ ಅಂತ 1991ರಲ್ಲೇ ಸಾಬೀತಾಗಿದೆ, ಬೇಗ ಮಾಡಿದಷ್ಟೂ ಒಳ್ಳೆಯದು. ತಲೆಯೊಳಗಿನ ನಾಳಕ್ಕೆ ಆ ಲೆಕ್ಕ ಹಚ್ಚಲಾಗದು.

ತಲೆಯೊಳಗಿನದಕ್ಕೂ ಶಸ್ತ್ರಚಿಕಿತ್ಸೆ ಪ್ರಯತ್ನ ಆಗಿತ್ತು. ನೆತ್ತಿಯ ಚರ್ಮದ ನಾಳವನ್ನು ಬುರುಡೆಯೊಳಗೆ ತಂದು ಮಿದುಳಿನ ನಾಳಕ್ಕೆ ಹೊಲಿಯುವ ಬೈಪಾಸ್. ಕೇಳಲು ಎಷ್ಟು ಚೆಂದದ ಯೋಚನೆ! 1985ರಲ್ಲಿ 1,377 ಜನರ ಪ್ರಯೋಗದ ಫಲಿತಾಂಶ ಬಂದಾಗ ಲಾಭ ಕಾಣಲಿಲ್ಲ. ಎಂಸಿಎ ತೀವ್ರವಾಗಿ ಕಿರಿದಾಗಿದ್ದವರಿಗಂತೂ ಇನ್ನೂ ಕೆಟ್ಟದಾಯಿತು. ಮೊಯಾಮೊಯಾ ಅನ್ನುವ ಬೇರೆ ಕಾಯಿಲೆಗೆ ಬೈಪಾಸ್ ಈಗಲೂ ಮಾಡುತ್ತಾರೆ, ಚಿಕ್ಕ ವಯಸ್ಸಿನವರಲ್ಲಿ ನಾಳ ಕಿರಿದಾಗಿದ್ದರೆ ಅದಲ್ಲವೇ ಅಂತ ನೋಡಬೇಕು.

ಸಂಜೆಮಲ್ಲಿಗೆ
ನನ್ನದು ಸ್ವಲ್ಪ ಬೇರೆ. ತಲೆನೋವಿಗೆ ಅಂತ ಸ್ಕ್ಯಾನ್ ಮಾಡಿಸಿದಾಗ ಒಂದು ನಾಳ 50-60% ಕಿರಿದಾಗಿದೆ ಅಂತ ಬಂತು. ಯಾವ ಲಕ್ಷಣವೂ ಇಲ್ಲ. ರಿಪೋರ್ಟ್ ಕೈಗೆ ಬಂದಾಗಿನಿಂದ ನಿದ್ದೆ ಇಲ್ಲ.

ನೀಲಿಗೌನ್
ಅಕ್ಕಾ, ಮೊದಲು ಸಮಾಧಾನ ಮಾಡಿಕೊಳ್ಳಿ. ಲಕ್ಷಣವೇ ಇಲ್ಲದ ನಾಳಕ್ಕೆ ತಂತಿ ತೂರಿಸುವ ಕೆಲಸ ಯಾವ ಒಳ್ಳೆಯ ತಂಡವೂ ಮಾಡುವುದಿಲ್ಲ. 50ರಿಂದ 69% ಕಿರಿದಾಗಿ ಲಕ್ಷಣ ಇದ್ದವರಿಗೂ ಅಮೆರಿಕದ 2021ರ ಮಾರ್ಗಸೂಚಿ ಮೊದಲ ಚಿಕಿತ್ಸೆಯಾಗಿ ಸ್ಟೆಂಟ್ ಬೇಡ ಅಂತಲೇ ಹೇಳುತ್ತದೆ.

ಇನ್ನೊಂದು ವಿಷಯ. ಎಂಆರ್ ಆಂಜಿಯೋ ರಕ್ತದ ಹರಿವನ್ನು ನೋಡಿ ಚಿತ್ರ ಮಾಡುವುದರಿಂದ ಕಿರಿದಾಗಿರುವುದನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುದು ಸಾಮಾನ್ಯ. ನಾಳ ತಿರುಗುವ ಕಡೆ ಇನ್ನೂ ಹೆಚ್ಚು. ಸಿಟಿ ಆಂಜಿಯೋ ಮಾಡಿದರೆ ಚಿತ್ರ ಇನ್ನಷ್ಟು ಸ್ಪಷ್ಟ. ತೊಡೆಸಂದು ಅಥವಾ ಮಣಿಕಟ್ಟಿನ ನಾಳದಿಂದ ಸಣ್ಣ ನಳಿಕೆ ತೂರಿಸಿ ಬಣ್ಣ ಹಾಯಿಸುವ ಡಿಎಸ್‌ಎ ಎಲ್ಲಕ್ಕಿಂತ ನಿಖರ. ಅದರಲ್ಲೂ ಸ್ವಲ್ಪ ಅಪಾಯ ಇದೆ, ಆದ್ದರಿಂದ ಚಿಕಿತ್ಸೆಯ ನಿರ್ಧಾರ ಅದರ ಮೇಲೆ ನಿಂತಿದ್ದರೆ ಮಾತ್ರ ಮಾಡುತ್ತೇವೆ. ಹೊಸಚಿಗುರು, ನಿಮಗೂ ಇದೇ ಮಾತು: ಆ 75% ಎಂಆರ್‌ನಲ್ಲಿ ಬಂದ ಅಂಕಿ. ಸ್ಟೆಂಟ್ ಅಂದ ಡಾಕ್ಟರು ಅದೊಂದನ್ನೇ ನೋಡಿ ಹೇಳಿದರೇ, ಬೇರೆ ಚಿತ್ರ ಬೇಕು ಅಂದರೇ? ಅವರು ಈ ಕೆಲಸ ವರ್ಷಕ್ಕೆ ಎಷ್ಟು ಮಾಡುತ್ತಾರೆ, ಎಷ್ಟು ಜನಕ್ಕೆ ತೊಂದರೆಯಾಗಿದೆ ಅಂತಲೂ ಕೇಳಿ. ಕೇಳಿದರೆ ಬೇಸರ ಮಾಡಿಕೊಳ್ಳದೆ ಅಂಕಿ ಹೇಳುವವರನ್ನು ನಾನು ನಂಬುತ್ತೇನೆ.

ಸಂಜೆಮಲ್ಲಿಗೆ
ಜೀವ ಬಂದಂತಾಯಿತು ತಂಗಿ. ಬಿಪಿ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳುತ್ತೇನೆ, ನರರೋಗ ತಜ್ಞರಿಗೂ ತೋರಿಸುತ್ತೇನೆ.

ಹೊಸಚಿಗುರು
ಎಲ್ಲ ಓದಿ, ಅಪ್ಪನ ಜೊತೆಗೇ ಕೂತು ಓದಿಸಿದೆ. ಬೆಳಗಿನ ನಡಿಗೆ ಅವರು ಹೇಳಿದ್ದು ನಿಜ, ಚಿತ್ರ ನೋಡಿದ ಮೇಲೆ ಅವರೇ ಪ್ರಶ್ನೆ ಕೇಳಲು ಶುರು ಮಾಡಿದರು. ಔಷಧದಲ್ಲೇ ಇರುತ್ತೇನೆ, ಸಿಟಿ ಆಂಜಿಯೋ ಮಾಡಿಸಿ ಮೊದಲ ಡಾಕ್ಟರಿಗೇ ತೋರಿಸೋಣ ಅಂದಿದ್ದಾರೆ. ಅವರ ಪ್ರಶ್ನೆ ಒಂದು ಉಳಿದಿದೆ: ಮತ್ತೆ ಹಾಗೇ ಆಗಿ ತಾನಾಗಿ ಸರಿಹೋದರೆ ಬೆಳಗಾಗುವವರೆಗೆ ಕಾಯಬಹುದೇ?

ನರವೈದ್ಯ
ಕಾಯಲೇಬಾರದು. ಮುಖ ಒಂದು ಕಡೆ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಕಣ್ಣು ಮಂಜಾದರೆ, ನಡಿಗೆ ತೂರಾಡಿದರೆ ಆ ಕ್ಷಣವೇ ಗಡಿಯಾರ ನೋಡಿ ಸಮಯ ಗುರುತಿಟ್ಟುಕೊಂಡು ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಹಾಗಾಗಿ ಅದಕ್ಕೂ ಮುಂಚೆಯೇ ತಲುಪಬೇಕು, ಬೇಗ ಕೊಟ್ಟಷ್ಟೂ ಮಿದುಳು ಉಳಿಯುತ್ತದೆ. ದೊಡ್ಡ ನಾಳ ಮುಚ್ಚಿದ್ದರೆ ನಳಿಕೆಯಿಂದ ಹೆಪ್ಪು ಎಳೆದು ತೆಗೆಯುವ ಚಿಕಿತ್ಸೆ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಸಾಧ್ಯ. ಸ್ಕ್ಯಾನ್ ಸೌಲಭ್ಯ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ. ತಾನಾಗಿ ಸರಿಹೋದರೂ ಹೋಗಿ. ಟಿಐಎ ಆದ ಮೊದಲ ದಿನಗಳಲ್ಲೇ ದೊಡ್ಡ ಸ್ಟ್ರೋಕ್ ಆಗುವ ಸಾಧ್ಯತೆ ಅತಿ ಹೆಚ್ಚು. ಹೊರಡುವ ಮುಂಚೆ ಮನೆಯಲ್ಲಿ ಹೆಚ್ಚುವರಿ ಆಸ್ಪಿರಿನ್ ಕೊಡಬೇಡಿ, ಸೋರಿಕೆಯೋ ಮುಚ್ಚಿದ್ದೋ ಅಂತ ಸ್ಕ್ಯಾನ್ ಇಲ್ಲದೆ ಹೇಳಲಾಗದು. ತಿನ್ನುತ್ತಿರುವ ಮಾತ್ರೆಗಳ ಪಟ್ಟಿ ಜೊತೆಯಲ್ಲಿರಲಿ.

ಅಂಚೆಯಣ್ಣ
ಡಾಕ್ಟ್ರೇ, ಕೊನೆಯದಾಗಿ ಒಂದು. ಅಣ್ಣನಿಗೆ ಹಲ್ಲು ಕೀಳಿಸಬೇಕಿದೆ. ಆಸ್ಪಿರಿನ್ ಒಂದು ವಾರ ನಿಲ್ಲಿಸಿ ಬನ್ನಿ ಅಂತ ಹಲ್ಲಿನ ಡಾಕ್ಟರು ಹೇಳಿದ್ದಾರಂತೆ. ನಿಲ್ಲಿಸಬಹುದಾ?

ನರವೈದ್ಯ
ಯಾರನ್ನೂ ಕೇಳದೆ ನಿಲ್ಲಿಸಬೇಡಿ. ಒಂದೆರಡು ಹಲ್ಲು ಕೀಳುವುದಕ್ಕೆ ಹೆಚ್ಚಿನ ಸಲ ಆಸ್ಪಿರಿನ್ ನಿಲ್ಲಿಸುವ ಅಗತ್ಯವೇ ಇಲ್ಲ. ರಕ್ತ ಸ್ವಲ್ಪ ಹೆಚ್ಚು ಹೊತ್ತು ಜಿನುಗುತ್ತದೆ, ಹತ್ತಿ ಒತ್ತಿ ಅಥವಾ ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಿ ಸ್ಟ್ರೋಕ್ ಆದರೆ ಅದನ್ನು ಹಿಂದಕ್ಕೆ ತರಲಾಗದು. ಎರಡೂ ಮಾತ್ರೆ ತಿನ್ನುತ್ತಿರುವವರು, ಹೊಸಚಿಗುರು ಅವರ ತಂದೆಯಂಥವರು, ತುರ್ತಿಲ್ಲದ ಹಲ್ಲಿನ ಕೆಲಸವನ್ನು ಆ 90 ದಿನ ಕಳೆದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಹಲ್ಲಿನ ಡಾಕ್ಟರಿಗೆ ನಿಮ್ಮ ನರರೋಗ ತಜ್ಞರ ಫೋನ್ ನಂಬರ್ ಕೊಟ್ಟು, ಇಬ್ಬರೂ ನೇರವಾಗಿ ಮಾತಾಡಿಕೊಳ್ಳಲಿ ಅನ್ನಿ.